ಮೂವತ್ತೊಂದು ರೊಟ್ಟಿ

ಕಳೆದ ಚಳಿಗಾಲದಲ್ಲಿ ಬೆಂಗಳೂರಿನಿಂದ ನನ್ನ ಹಳೆಯ ಸಹಪಾಠಿಯೊಬ್ಬರು ಸಂಸಾರಸಮೇತರಾಗಿ ಗದಗಿಗೆ ದಯಮಾಡಿಸಿದರು. ಅವರು, ಅವರ ಮನೆಯಾಕೆ, ಅತ್ತೆ ಮಾವಂದಿರು, ಷಡ್ಡಕ ದಂಪತಿಗಳು, ಇಬ್ಬರು ಮಕ್ಕಳು. ನಾನೂ ಸೇರಿ ಒಟ್ಟು ಒಂಬತ್ತು ಜನ. ಕನ್ನಡ ಉಪನ್ಯಾಸಕನಾದವನ ಭಾಗ್ಯವೆಂದರೆ ಇದೇ. ಊರಿಗೆ ಬಂದವರಿಗೆಲ್ಲ ಅವನು ಬಿಟ್ಟಿ ಮಾರ್ಗದರ್ಶಿ. ಶಾಸನ ಓದಬಲ್ಲನೆಂಬ ಒಂದು ಅಪವಾದ ಅವನ ಮೇಲಿರುತ್ತದೆ. ಅದನ್ನು ಅಲ್ಲಗಳೆಯುವ ಧೈರ್ಯ ಅವನಿಗಿರುವುದಿಲ್ಲ.

ಬೆಳಿಗ್ಗೆ ಲಕ್ಕುಂಡಿ, ಸಂಜೆ ಮಾಗಡಿಯ ಕೆರೆ ಎಂದು ಗೊತ್ತುಮಾಡಿಕೊಂಡೆವು. ಲಕ್ಕುಂಡಿ ಗದಗಿನಿಂದ ಸುಮಾರು 12 ಕಿಲೋಮೀಟರು. ಕಾಶೀವಿಶ್ವೇಶ್ವರನ ಗುಡಿಯ ಬಾಗಿಲವಾಡದ ಎದುರು ನಿಂತು, ಬಳಪದ ಕಲ್ಲಿನಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಬಿಡಿಸಿದ ಬಳ್ಳಿಗಳನ್ನು ತೋರಿಸಿದೆ. ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಮಕ್ಕಳು ಮೂರು ಸಲ ಹತ್ತಿ ಇಳಿದರು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದಲ್ಲಿ ನನ್ನ ಉಪನ್ಯಾಸ ಮೂವತ್ತು ನಿಮಿಷ ನಡೆಯಿತು. ಈ ಊರಿನಲ್ಲಿ ಟಂಕಸಾಲೆಯಿತ್ತೆಂದೂ, ಇಲ್ಲಿಯ ಹೊನ್ನಿಗೆ ಲೊಕ್ಕಿ ಗದ್ಯಾಣವೆಂದೇ ಹೆಸರಾಗಿತ್ತೆಂದೂ, ಆ ತಾಯಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದೂ ಹೇಳಿದೆ. ಸ್ನೇಹಿತರ ಮಾವನವರು ತಲೆದೂಗಿದರು. ಅಷ್ಟರಲ್ಲಿ ಒಂದು ಗಂಟೆ ಹೊಡೆಯಿತು. ಮಕ್ಕಳ ಹಸಿವು ಶಿಲ್ಪಕಲೆಯನ್ನು ಮೀರಿಸಿತು.

ಮಧ್ಯಾಹ್ನದ ಊಟದ ಮಾತನ್ನು ಯಾರೂ ಯೋಚಿಸಿರಲಿಲ್ಲ. ಆಗ ನನಗೆ ನೆನಪಾದದ್ದು ಹಿರೇಹಂದಿಗೋಳ. ಬಿ.ಎ. ಎರಡನೆಯ ವರ್ಷದ ನನ್ನ ವಿದ್ಯಾರ್ಥಿನಿಯೊಬ್ಬಳು ಆ ಊರಿನವಳು. "ಸರ್, ಒಮ್ಮೆ ನಮ್ಮ ಮನಿಗೆ ಬರ್ರಿ" ಎಂದು ವರ್ಷದಿಂದ ಕರೆಯುತ್ತಲೇ ಇದ್ದಳು. ಬೆಂಗಳೂರಿನವರಿಗೆ ಅಚ್ಚ ಹಳ್ಳಿಯ ಊಟ ಉಣಿಸಿದಂತೆಯೂ ಆಯಿತು, ಹುಡುಗಿಯ ಕರೆಗೆ ಓಗೊಟ್ಟಂತೆಯೂ ಆಯಿತು ಎಂದುಕೊಂಡು ಫೋನು ಮಾಡಿದೆ. ಒಂದು ತಾಸು ಮುಂಚಿತವಾಗಿ ತಿಳಿಸಿದೆನೆಂಬುದೇ ನನ್ನ ಸೌಜನ್ಯ.

ಪ್ರವಾಸಿಗಳ ಕೈಪಿಡಿಯಲ್ಲಿ ಹಿರೇಹಂದಿಗೋಳವನ್ನು ಹುಡುಕಬೇಕಾಗಿಲ್ಲ. ಗದಗ ತಾಲೂಕಿನ ಉಳಿದ ಹತ್ತಾರು ಊರುಗಳಂತೆ ಅದೂ ಎರೆಯ ನೆಲದ ಊರು. ಹಿರೇ ಇದ್ದಲ್ಲಿ ಚಿಕ್ಕ ಇರಬೇಕಷ್ಟೆ, ಚಿಕ್ಕಹಂದಿಗೋಳವೂ ಇದೆ. ಆ ಕಾಲಕ್ಕೆ ಹೊಲಗಳಲ್ಲಿ ಹಿಂಗಾರಿಯ ಬಿಳಿಜೋಳ ಎದೆಮಟ್ಟ ನಿಂತಿತ್ತು, ಕಡಲೆ ಹೂ ಬಿಟ್ಟಿತ್ತು. ಬೆಂಗಳೂರಿನ ಅತಿಥಿಗಳು ಮೋಟಾರು ನಿಲ್ಲಿಸಿ ಇಳಿದು ಆ ಹಸಿರಿನ ಮುಂದೆ ನಿಂತು ಚಿತ್ರ ತೆಗೆಸಿಕೊಂಡರು. ಕಪ್ಪು ಮಣ್ಣು ಅವರ ಪಾದರಕ್ಷೆಗಳಿಗೆ ಹತ್ತಿಕೊಂಡು ಬಿಡಲಿಲ್ಲ.

ಮನೆ ಚಿಕ್ಕದು, ಸಾರಿಸಿ ಚೊಕ್ಕಟವಾಗಿತ್ತು. ತಂದೆ ಗದಗಿನ ಮಾರುಕಟ್ಟೆಯ ಪ್ರಾಂಗಣದಲ್ಲಿ ಹಮಾಲಿ ಮಾಡುವವರು, ಮನೆಯಲ್ಲಿರಲಿಲ್ಲ. ತಾಯಿ ಬಾಗಿಲಿಗೆ ಬಂದು, "ಬರ್ರಿ ಸರ, ಬರ್ರಿ. ಕೈಕಾಲ ತೊಳಕೋರಿ" ಎಂದು ತಂಬಿಗೆ ನೀರು ಕೊಟ್ಟರು. ಹತ್ತು ನಿಮಿಷದಲ್ಲಿ ತಾಟುಗಳು ಬಂದವು. ಎಣಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು, ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ. ಮೂಲೆಯಲ್ಲಿ ಬಿಳಿಯ ಅರಿವೆ ಮುಚ್ಚಿದ್ದ ದೊಡ್ಡ ಬುಟ್ಟಿಯಿಂದ ಖಡಕ್ ರೊಟ್ಟಿ. ಬೆಂಗಳೂರಿನ ಮಕ್ಕಳಿಗೆ ಆ ರೊಟ್ಟಿಯನ್ನು ಮುರಿಯುವ ಸದ್ದೇ ಒಂದು ಆಟವಾಯಿತು. ಅತ್ತೆಯವರು ಹಲ್ಲಿನ ಚಿಂತೆಯನ್ನು ಮರೆತರು. "ಇನ್ನೊಂದು ಹಾಕಲೇನ್ರಿ" ಎಂದು ತಾಯಿ ಕೇಳಿದಾಗಲೆಲ್ಲ ನಾವು ಬೇಡವೆನ್ನುತ್ತಿದ್ದೆವು, ಅವರು ಹಾಕುತ್ತಿದ್ದರು, ನಾವು ಉಣ್ಣುತ್ತಿದ್ದೆವು. ಹುಡುಗಿ ಮಾತ್ರ ಒಂದೆರಡು ಸಲ ಬುಟ್ಟಿಯ ಕಡೆಗೆ ನೋಡಿದಳೆಂದು ಆಮೇಲೆ ನನಗೆ ನೆನಪಾಯಿತು.

ಹೊರಡುವಾಗ ಸ್ನೇಹಿತರು ಐದುನೂರರ ಎರಡು ನೋಟುಗಳನ್ನು ಚಾಚಿದರು. ಆ ತಾಯಿ ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯ, ಇದೇನ್ರೀ ಸರ? ಮನಿಗಿ ಬಂದವ್ರು ಉಂಡದ್ದಕ್ಕ ರೊಕ್ಕಾ ಇಸಗೋತಾರೇನ್ರೀ? ಓಣ್ಯಾಗ ಮಂದಿ ಏನಂದಾರು?"

ನೋಟುಗಳು ಮರಳಿ ಜೇಬು ಸೇರಿದವು. ದಾರಿಯುದ್ದಕ್ಕೂ ಸ್ನೇಹಿತರು ಹಳ್ಳಿಗರ ಮುಗ್ಧತೆಯನ್ನು ಕೊಂಡಾಡಿದರು. ಅಂದು ರಾತ್ರಿಯೇ ಚಿತ್ರಸಮೇತವಾಗಿ ಆ ಪ್ರಶಂಸೆಯನ್ನು ನೂರಾರು ಬಂಧುಮಿತ್ರರಿಗೆ ರವಾನಿಸಿದರು: ಇಲ್ಲಿಯ ಜನ ಹಣವನ್ನು ಕೈಯಿಂದ ಮುಟ್ಟುವುದಿಲ್ಲವಂತೆ. ನಗರವಾಸಿಗಳಿಗೆ ಹಳ್ಳಿಯಲ್ಲಿ ಅತ್ಯಂತ ಪ್ರಿಯವಾಗುವ ಗುಣವೆಂದರೆ ಇದೇ ಎಂದು ತೋರುತ್ತದೆ.

ಸಂಜೆ ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಯ ದಂಡೆಯ ಮೇಲೆ ಕುಳಿತೆವು. 2024ರ ಜನವರಿಯಲ್ಲಿ ಈ ಕೆರೆ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿ, ಜಗತ್ತಿನ ನಕಾಶೆಯಲ್ಲಿ ಒಂದು ಚುಕ್ಕೆಯಾಯಿತು. ನೀರಾವರಿಗಾಗಿ ಕಟ್ಟಿದ ಸುಮಾರು 50 ಹೆಕ್ಟೇರಿನ ಕೆರೆ. ಅದರ ಮೇಲೆ ಪಟ್ಟೆತಲೆಯ ಹೆಬ್ಬಾತುಗಳು. ಮಂಗೋಲಿಯಾ, ಟಿಬೇಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. 7,000 ಮೀಟರಿಗೂ ಮಿಕ್ಕ ಎತ್ತರದಲ್ಲಿ ಇವು ಹಾರಿದ್ದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಹಗಲೆಲ್ಲ ನೀರಿನಲ್ಲಿ ಗಂಭೀರವಾಗಿ ತೇಲುತ್ತವೆ. ಇವು ಮೀನು ತಿನ್ನುವ ಜಾತಿಯಲ್ಲ. ಹೊತ್ತು ಮುಳುಗುತ್ತಲೇ ಸಾಲುಗಟ್ಟಿ ಎದ್ದು ಸುತ್ತಣ ಹೊಲಗಳಿಗೆ ಮೇಯಲು ಹೋಗುತ್ತವೆ. ನಾವು ನೋಡುತ್ತಿದ್ದಂತೆ ಅವು ಎದ್ದವು. ಆಕಾಶ ತುಂಬ ರೆಕ್ಕೆಯ ಸದ್ದು. ಮಕ್ಕಳು ಚಪ್ಪಾಳೆ ತಟ್ಟಿದರು. ದಂಡೆಯ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ಹಕ್ಕಿಗಳ ಕಡೆ ಕತ್ತೆತ್ತಿ, "ಹೊಂಟವು ನೋಡ್ರಿ, ಬೀಗರು" ಎಂದರು. ನಾವು ನಕ್ಕೆವು. ಅವರೂ ನಕ್ಕರು, ಆದರೆ ಅವರ ನಗೆ ನಮ್ಮ ನಗೆಗಿಂತ ಬೇಗ ನಿಂತಿತು.

ಮರುದಿನ ಸೋಮವಾರ, ಹತ್ತು ಗಂಟೆಗೆ ನನ್ನ ತರಗತಿಯಲ್ಲಿ ಕಿರುಪರೀಕ್ಷೆ. ಹತ್ತಕ್ಕೆ ಸರಿಯಾಗಿ ಬಾಗಿಲು ಹಾಕುವುದು ನನ್ನ ಪದ್ಧತಿ. ಹತ್ತೂ ನಲವತ್ತಕ್ಕೆ ಆ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ನಿನ್ನೆ ಅವಳ ಮನೆಯಲ್ಲಿ ಉಂಡು ಬಂದವನಿಂದ ಇಂದು ರಿಯಾಯಿತಿ ನಡೆಯಿತೆಂದು ಉಳಿದವರು ಅಂದುಕೊಂಡಾರೆಂಬ ಅಂಜಿಕೆಯೂ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಸಮಯಪಾಲನೆಯ ಬಗ್ಗೆ ನಾಲ್ಕು ಮಾತು ಹೇಳಿ, ಗೈರುಹಾಜರಿ ಹಾಕಿ, ಕಳಿಸಿಬಿಟ್ಟೆ. ಮಧ್ಯಾಹ್ನ ಕಾರಣ ಕೇಳಿದಾಗ ಅವಳು ದೂರುವವಳಂತೆ ಹೇಳಲಿಲ್ಲ; ತಪ್ಪಾಯಿತೆನ್ನುವಂತೆ ಹೇಳಿದಳು.

"ರಾತ್ರಿ ರೊಟ್ಟಿ ಬಡಿಯೂದಿತ್ತು ಸರ್. ಅವ್ವಗ ಒಬ್ಬಾಕಿಗೇ ನೀಗಲಿಲ್ಲ."

ಸಂಗತಿ ಹೀಗೆ. ಆ ತಾಯಿ ಬೆಟಗೇರಿಯ ಖಾನಾವಳಿಯೊಂದಕ್ಕೆ ರೊಟ್ಟಿ ಮಾಡಿಕೊಡುತ್ತಾರೆ, ರೊಟ್ಟಿಯೊಂದಕ್ಕೆ 5 ರೂಪಾಯಿಯಂತೆ. ಅಂದು ಮೂಲೆಯಲ್ಲಿದ್ದ ಬುಟ್ಟಿಯಲ್ಲಿ ನೂರು ರೊಟ್ಟಿಗಳಿದ್ದವು. ಸೋಮವಾರ ಬೆಳಿಗ್ಗೆ ಮುಟ್ಟಿಸಬೇಕಾದವು. ಅವುಗಳಲ್ಲಿ ಮೂವತ್ತೊಂದನ್ನು ನಾವು ಒಂಬತ್ತು ಜನ, ಸದ್ದನ್ನು ಮೆಚ್ಚುತ್ತ, ಉಂಡು ಎದ್ದಿದ್ದೆವು. ನಾವು ಹಕ್ಕಿ ನೋಡುತ್ತಿದ್ದ ಹೊತ್ತಿಗೆ ಆ ಮನೆಯಲ್ಲಿ ಮತ್ತೆ ಒಲೆ ಹೊತ್ತಿತ್ತು. ತಾಯಿಗೆ ಬೆಳಗಿನ ಜಾವ ಮೈಕಾವು ಏರಿದ್ದರಿಂದ ಬುಟ್ಟಿ ಹೊತ್ತು ಬಸ್ಸು ಹತ್ತಿದವಳು ಮಗಳು. ಖಾನಾವಳಿಯ ಬಾಗಿಲು ತೆರೆಯುವ ತನಕ ಕಾದು, ಎಣಿಸಿಕೊಟ್ಟು, ಕಾಲೇಜಿಗೆ ಬಂದಾಗ ಹತ್ತೂ ನಲವತ್ತು.

ರೊಟ್ಟಿ ಬಡಿಯುವುದನ್ನು ಹತ್ತಿರ ಕುಳಿತು ನೋಡದವರಿಗೆ ಈ ಮೂವತ್ತೊಂದರ ತೂಕ ತಿಳಿಯಲಾರದು. ಗೋದಿಯಂತೆ ಜೋಳದ ಹಿಟ್ಟಿಗೆ ಅಂಟಿನ ಗುಣವಿಲ್ಲ. ಕುದಿಯುವ ಎಸರು ಸುರಿದು, ಕೈಸುಡುವ ಬಿಸಿಯಲ್ಲಿಯೇ ನಾದಬೇಕು, ಆರಿದರೆ ಒಡೆಯುತ್ತದೆ. ಲಟ್ಟಣಿಗೆಗೆ ಮಣಿಯುವ ಹಿಟ್ಟಲ್ಲ, ಅಂಗೈಯಿಂದ ಬಡಿಬಡಿದೇ ಅಗಲಿಸಬೇಕು. ಹಂಚಿನ ಮೇಲೆ ಹಾಕಿದೊಡನೆ ಒದ್ದೆ ಅರಿವೆಯಿಂದ ಮೈಗೆ ನೀರು ಸವರಬೇಕು, ಮಗುಚಬೇಕು, ಅಂಚು ಒತ್ತಬೇಕು. ಖಡಕ್ ಆಗಬೇಕಾದರೆ ಒಲೆಯ ಮಗ್ಗುಲಿಗೆ ನಿಲ್ಲಿಸಿ ನೀರಿನಂಶವೆಲ್ಲ ಆರುವ ತನಕ ಕಾಯಬೇಕು. ಹೀಗೆ ಮಾಡಿದ್ದು ವಾರಗಟ್ಟಲೆ ಕೆಡುವುದಿಲ್ಲ. ಅದರಿಂದಲೇ ಅದು ಬುಟ್ಟಿಯೇರಿ ಊರು ದಾಟಿ ಮಾರಾಟಕ್ಕೆ ಹೋಗಬಲ್ಲದು. 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲವಾದ ಮೇಲೆ ಬುಟ್ಟಿಯ ಲಾಭ ತುಸು ಕಣ್ಣಿಗೆ ಕಾಣುತ್ತಿದೆಯೆಂದು ಹುಡುಗಿ ಹೇಳಿದಳು. ಈ ಸವಲತ್ತಿನ ಬಗ್ಗೆ ನಮ್ಮ ಅಧ್ಯಾಪಕರ ಕೋಣೆಯಲ್ಲಿ ನಡೆಯುವ ವಾದವಿವಾದಗಳಲ್ಲಿ ರೊಟ್ಟಿಯ ಬುಟ್ಟಿಯನ್ನು ಯಾರೂ ಪ್ರಸ್ತಾಪಿಸಿದ್ದು ನನಗೆ ನೆನಪಿಲ್ಲ.

ಕಿರುಪರೀಕ್ಷೆಯನ್ನು ಅವಳಿಂದ ಮತ್ತೊಮ್ಮೆ ಬರೆಸಿದೆ. ಅದು ಸುಲಭ. ರೊಟ್ಟಿಯ ಲೆಕ್ಕ ಸುಲಭವಾಗಿರಲಿಲ್ಲ. ಲಕೋಟೆಯಲ್ಲಿ ಐದುನೂರರ ನೋಟೊಂದನ್ನಿಟ್ಟು ಹುಡುಗಿಯ ಕೈಯಲ್ಲಿ ಕಳಿಸಿದೆ. ಮಾರನೆಯ ದಿನ ಲಕೋಟೆ ಹಾಗೆಯೇ ಮರಳಿತು. ಜೊತೆಗೆ ಒಂದು ಚೀಲದಲ್ಲಿ ಹತ್ತು ರೊಟ್ಟಿ, ಒಂದು ಡಬ್ಬಿ ಚಟ್ನಿಪುಡಿ. ಮೂವತ್ತೊಂದಿದ್ದ ನನ್ನ ಸಾಲ ನಲವತ್ತೊಂದಕ್ಕೆ ಏರಿತು.

ಇಲ್ಲಿಂದ ಮುಂದೆ ನಾನು ಹೇಳುವುದು ವಾಚಕರಿಗೆ ಒಪ್ಪಿಗೆಯಾದೀತೋ ಇಲ್ಲವೋ, ಆದರೂ ಹೇಳುತ್ತೇನೆ. ಹಳ್ಳಿಗೆ ಪ್ರವಾಸೋದ್ಯಮ ಬರಬೇಕು, ಮನೆಯ ಊಟ ಬಡಿಸಿ, ಮನೆಯಲ್ಲಿಯೇ ಇಳಿಸಿಕೊಂಡು ಹಳ್ಳಿಗರು ನಾಲ್ಕು ಕಾಸು ಕಾಣಬೇಕು ಎಂದು ಈಗ ಎಲ್ಲ ವೇದಿಕೆಗಳ ಮೇಲೂ ಹೇಳುತ್ತಾರೆ. ನಾನೂ ಹೇಳಿದ್ದುಂಟು. ಹಾಗೆ ಹೇಳುವಾಗ ನಾವು ಬಂಡವಾಳವೆಂದು ಎಣಿಸುವುದು ಆತಿಥ್ಯವನ್ನು. ಆದರೆ ಆತಿಥ್ಯದ ಮೊದಲನೆಯ ನಿಯಮವೇ ಬೆಲೆ ಹೇಳಬಾರದೆಂಬುದು. ಬೆಲೆ ಹೇಳಿದರೆ ಗೃಹಿಣಿಯ ಮಾನ ಹೋಗುತ್ತದೆ. ಹೇಳದಿದ್ದರೆ ಅವಳ ನಿದ್ದೆ ಹೋಗುತ್ತದೆ. ಎರಡಲ್ಲಿ ಯಾವುದು ಹೋದರೂ ಅತಿಥಿಗೆ ಗೊತ್ತಾಗುವುದಿಲ್ಲ. ಅವನು ಮುಗ್ಧತೆಯನ್ನು ಮೆಚ್ಚಿಕೊಂಡು ಮುಂದಿನ ಗುಡಿಗೆ ಹೋಗುತ್ತಾನೆ.

ಲಕ್ಕುಂಡಿಯಲ್ಲಿ ನಾನು ಮಾಡಿದ ಉಪನ್ಯಾಸವೂ ಆ ವಾರ ನನ್ನನ್ನು ಕುಟುಕಿತು. ಶಾಂತಿಪುರಾಣದ ಸಾವಿರ ಪ್ರತಿಗಳೆಂದು ಪ್ರತಿವರ್ಷ ಪಾಠ ಹೇಳುತ್ತೇನೆ, ಹುಡುಗರು ಪ್ರತಿವರ್ಷ ಬರೆಯುತ್ತಾರೆ. ಮಾಡಿಸಿದಾಕೆಯ ಹೆಸರಿಗೆ ಎರಡು ಅಂಕ. ಓಲೆಗರಿಯ ಮೇಲೆ ಕಂಟ ಹಿಡಿದು ಸಾವಿರ ಸಲ ಆ ಚಂಪುವನ್ನು ಕೊರೆದವರ ಬೆರಳುಗಳ ಬಗ್ಗೆ ಪ್ರಶ್ನೆಪತ್ರಿಕೆಯಲ್ಲಿ ಏನೂ ಇರುವುದಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವವನು ನಾನೇ.

ಉಣಿಸಿ ಹಣ ಪಡೆಯುವುದು ಈ ನಾಡಿಗೆ ಹೊಸದೇನೂ ಅಲ್ಲ. ನಮ್ಮ ಕಡೆಯ ಖಾನಾವಳಿಗಳಲ್ಲಿ ಎಷ್ಟೋ ಹೆಂಗಸರು ಒಲೆಯ ಮುಂದೆಯೂ ಗಲ್ಲೆಯ ಮುಂದೆಯೂ ಕುಳಿತು ಸಂಸಾರ ದಾಟಿಸಿದ್ದಾರೆ. ನೇಕಾರಿಕೆಯ ಮನೆತನಗಳಾದ ಸಾವಜಿಯವರ ಖಾನಾವಳಿಗಳಿಗೆ ಗದಗ-ಬೆಟಗೇರಿಯಲ್ಲಿರುವ ಹೆಸರನ್ನು, ಖಾರ ತಾಳಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಯಾರಿಗೂ ಸಂಕೋಚವಿಲ್ಲ. ಏಕೆ? ಗೋಡೆಗೆ ಒಂದು ಹಲಗೆಯಿದೆ. ಬೆಲೆಯನ್ನು ಬಾಯಿಂದ ಹೇಳುವವಳು ಹೆಂಗಸಲ್ಲ, ಹಲಗೆ. ಅದೇ ಹೆಂಗಸು ಮನೆಯ ಪಡಸಾಲೆಯಲ್ಲಿ ಅದೇ ಊಟ ಬಡಿಸಿದರೆ ಅವಳ ನಾಲಿಗೆ ಕಟ್ಟುತ್ತದೆ.

ಇಂಥ ಗಂಟೊಂದನ್ನು ಈ ತಾಲೂಕಿನವರು ಹಿಂದೆ ಒಮ್ಮೆ ಬಿಡಿಸಿದ್ದಾರೆ. ಹಿರೇಹಂದಿಗೋಳದಂತೆಯೇ ಗದಗ ತಾಲೂಕಿನ ಇನ್ನೊಂದು ಹಳ್ಳಿ ಕಣಗಿನಹಾಳ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. 1905ರ ಮೇ 8ರಂದು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ರೈತರು ಕೂಡಿ, ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘವೆಂದು ಹೆಸರಾದ ಸಂಘವನ್ನು ನೋಂದಾಯಿಸಿದರು. ಅದಕ್ಕೆ ಮುಂಚೆ ಬಿತ್ತನೆಯ ಕಾಲಕ್ಕೆ ಸಾಲ ಬೇಕಾದವನು ಸಾಹುಕಾರನ ಕಟ್ಟೆಯ ಮುಂದೆ ಕೈಕಟ್ಟಿ ನಿಲ್ಲಬೇಕು, ಇಲ್ಲವೆ ಬೀಗರ ಮುಂದೆ ಹಲ್ಲುಗಿರಿಯಬೇಕು. ಸಂಘ ಬಂದ ಮೇಲೆ ಅವನು ಬೇಡುವುದು ಮನುಷ್ಯನನ್ನಲ್ಲ, ತನ್ನ ಪಾಲೂ ಇರುವ ಒಂದು ಖಾತೆಯನ್ನು. ಬಡ್ಡಿ ಇಳಿದದ್ದು ಒಂದು ಲಾಭ. ಕತ್ತು ನೆಟ್ಟಗಾದದ್ದು ಇನ್ನೊಂದು. ಅದನ್ನು ಯಾವ ವಾರ್ಷಿಕ ವರದಿಯೂ ಅಂಕಿಗಳಲ್ಲಿ ತೋರಿಸಲಾರದು. ನಮ್ಮ ಕಾಲದಲ್ಲಿ ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಿಯೂ ಇಂಥದೇ ಒಂದು ಪ್ರಯತ್ನ ನಡೆದಿದೆ. 1997ರಲ್ಲಿ ಶುರುವಾದ ಕಿಷ್ಕಿಂಧಾ ಟ್ರಸ್ಟಿನ ಆಸರೆಯಲ್ಲಿ ಅಲ್ಲಿಯ ಹೆಂಗಸರು ಬಾಳೆನಾರಿನಿಂದ ಬುಟ್ಟಿ, ಚೀಲಗಳನ್ನು ಹೆಣೆದು ಮಾರುತ್ತಾರೆ. ಹಂಪಿಯನ್ನು ನೋಡಲು ಬಂದವರು ಹೊಳೆ ದಾಟಿ ಬಂದು ಕೊಳ್ಳುತ್ತಾರೆ. ಆನೆಗೊಂದಿಗೆ ಹಂಪಿಯ ನೆರೆಯಿದೆ ಎಂದು ನೀವು ಹೇಳಬಹುದು. ಒಪ್ಪಿದೆ. ಹಿರೇಹಂದಿಗೋಳಕ್ಕೆ ಅಷ್ಟು ದೊಡ್ಡ ನೆರೆಯಿಲ್ಲ.

ಇಷ್ಟನ್ನೆಲ್ಲ ನಾನು ಆ ಹುಡುಗಿಗೆ ಪಾಠದಂತೆ ಹೇಳಿದೆ. ಅವಳು ಎರಡು ವಾರ ಸುಮ್ಮನಿದ್ದು, ಒಂದು ದಿನ ಬಂದು, "ಸರ್, ಅವ್ವ ಇರೋ ಸಂಘದಾಗ ಮಾತಾಡೀನಿ. ಐತವಾರ ಬರ್ರಿ, ಬೋರ್ಡ ಬರಿಯೂದೈತಿ" ಎಂದಳು. ವಾರಕ್ಕೊಮ್ಮೆ ಕೂಡಿ ಉಳಿತಾಯ ಮಾಡುವ ಹೆಂಗಸರ ಸ್ವಸಹಾಯ ಸಂಘ ಅದು. ಸ್ತ್ರೀಶಕ್ತಿ ಯೋಜನೆ ಬಂದ 2000-01ರಿಂದೀಚೆಗೆ ನಮ್ಮ ಹಳ್ಳಿಗಳಲ್ಲಿ ಇಂಥವು ಬೇಕಾದಷ್ಟಿವೆ.

ನಾನು ಹೋದಾಗ ಹನ್ನೆರಡು ಮಂದಿ ಹೆಂಗಸರು ಜಗುಲಿಯ ಮೇಲೆ ಕುಳಿತಿದ್ದರು. ಕಪ್ಪು ಬಳಿದ ಹಲಗೆ, ಸುಣ್ಣದ ಬಟ್ಟಲು, ಕುಂಚ ಸಿದ್ಧವಾಗಿದ್ದವು. ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಒಂದು ಹಲಗೆ ಬರೆಯುವುದು ಏನು ಮಹಾ ಎಂದುಕೊಂಡು 'ಊಟದ ದರ' ಎಂದು ತೊಡಗಿದೆ.

"ದರ ಅನಬ್ಯಾಡ್ರಿ ಸರ" ಎಂದರು ತಾಯಿ. "ಸಂತ್ಯಾಗ ಉಳ್ಳಾಗಡ್ಡಿಗೆ ದರ ಇರತೈತಿ."

ಅಳಿಸಿ, 'ಇಲ್ಲಿ ಊಟ ಸಿಗುತ್ತದೆ' ಎಂದು ಬರೆದೆ. ಮೂಲೆಯಲ್ಲಿದ್ದ ಮುದುಕಿಯೊಬ್ಬರು, "ಸಿಗಾಕ ಅದೇನ ಕಳದಿತ್ತೇನ್ರೀ?" ಎಂದರು. ಎಲ್ಲರೂ ನಕ್ಕರು. ಅದನ್ನೂ ಅಳಿಸಿದೆ. 'ಬನ್ನಿ, ಉಣ್ಣಿ' ಎಂದರೆ ಎಲ್ಲರಿಗೂ ಒಪ್ಪಿಗೆ; ಆದರೆ ಬೆಲೆಗೆ ಅಲ್ಲಿ ಜಾಗವೇ ಇಲ್ಲ. ಅರ್ಧ ತಾಸು ಹೀಗೆ ಕಳೆಯಿತು. ಕೊನೆಗೆ ಹುಡುಗಿ, "ಊಟ ಅವ್ವಂದು, ರೊಕ್ಕಾ ಸಂಘದ್ದು. ಹಂಗ ಬರೀರಿ ಸರ್" ಎಂದಳು. ಬರೆದೆ:

'ಮನೆಯ ಊಟ ಉಂಟು. ಉಂಡವರು ಸಂಘಕ್ಕೆ 80 ರೂಪಾಯಿ ಕೊಡತಕ್ಕದ್ದು.'

ಚತುರ್ಥೀ ವಿಭಕ್ತಿಯನ್ನು ಹತ್ತು ವರ್ಷಗಳಿಂದ ತರಗತಿಯಲ್ಲಿ ಹೇಳಿಕೊಡುತ್ತಿದ್ದೇನೆ. ಸಂಪ್ರದಾನವೆಂದರೇನು, ಕೊಡುವುದು ಯಾರಿಗೆ ಎಂದು ಉದಾಹರಣೆ ಸಮೇತ ವಿವರಿಸಿದ್ದೇನೆ. ಆ 'ಕ್ಕೆ' ಪ್ರತ್ಯಯ ಅಷ್ಟೊಂದು ಭಾರವನ್ನು ಹೊರಬಲ್ಲದೆಂದು ಆ ಜಗುಲಿಯ ಮೇಲೆ ಕಂಡುಕೊಂಡೆ. ಹೆಂಗಸರು ಒಬ್ಬರಾದ ಮೇಲೊಬ್ಬರು ಅದನ್ನು ಗಟ್ಟಿಯಾಗಿ ಓದಿದರು. ಯಾರೂ ಆಕ್ಷೇಪಿಸಲಿಲ್ಲ. 80ರಲ್ಲಿ 65 ಅಡುಗೆ ಮಾಡಿದವಳಿಗೆ, 15 ಸಂಘದ ಗಂಟಿಗೆ ಎಂದು ನಿಶ್ಚಯವಾಯಿತು. ಹಿಂದಿನ ದಿನ ಹೇಳದೆ ಬಂದವರಿಗೆ ಊಟವಿಲ್ಲವೆಂದು ಇನ್ನೊಂದು ಸಾಲು ಸೇರಿಸಬೇಕೆಂದು ನಾನು ಹೇಳಿದೆ. ಹುಡುಗಿ ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

ಇದರಿಂದ ಹಿರೇಹಂದಿಗೋಳದ ದಾರಿದ್ರ್ಯ ತೊಲಗಿತೆಂದು ನಾನು ಬರೆಯಲಾರೆ. ಇದುವರೆಗೆ ಬಂದ ತಂಡಗಳು ನಾಲ್ಕು; ಅವುಗಳಲ್ಲಿ ಎರಡನ್ನು ಕರೆದೊಯ್ದವನು ನಾನೇ. ಲಕ್ಕುಂಡಿ ನೋಡಿ ಹೊಸಪೇಟೆಯ ದಾರಿ ಹಿಡಿಯುವ ಮೋಟಾರುಗಳು ಈ ಕಡೆ ತಿರುಗುವುದಿಲ್ಲ. ಹೊಟ್ಟೆ ನಡೆಸುವುದು ಈಗಲೂ ಬೆಟಗೇರಿಗೆ ಹೋಗುವ ಬುಟ್ಟಿಯೇ. ಆದರೆ ಹಲಗೆಯ ಒಂದು ಫಲವನ್ನು ನಾನು ನಿರೀಕ್ಷಿಸಿರಲಿಲ್ಲ. ಊಟಕ್ಕೆ ಬೆಲೆ ಕಟ್ಟಿದ ಮೇಲೆ, ಆ ತಾಯಿ ಖಾನಾವಳಿಯವರ ಹತ್ತಿರ ಹೋಗಿ ರೊಟ್ಟಿಯ ಬೆಲೆಯನ್ನು 6 ರೂಪಾಯಿ ಮಾಡಬೇಕೆಂದು ಕೇಳಿದರಂತೆ. ಮೂರು ವರ್ಷದಿಂದ ಕೇಳಿರಲಿಲ್ಲ. ಅವರು ಐದೂವರೆಗೆ ಒಪ್ಪಿದ್ದಾರೆ.

ಮೊನ್ನೆ ಒಬ್ಬನೇ ಹೋಗಿದ್ದೆ, ಹಿಂದಿನ ದಿನ ತಿಳಿಸಿ. ಉಂಡು ಎದ್ದು 80 ರೂಪಾಯಿ ಮುಂದಿಟ್ಟೆ. ತಾಯಿ ಕೈ ಚಾಚಲಿಲ್ಲ, ಹಿಂದೆಯೂ ಸರಿಯಲಿಲ್ಲ. ಮಗಳ ಕಡೆ ನೋಡಿದರು. ಅವಳು ತೆಗೆದುಕೊಂಡು ಸಂಘದ ವಹಿಯಲ್ಲಿ ಬರೆದುಕೊಂಡಳು. ಇದೇ ಸಮಯವೆಂದು ನಾನು, "ಅಕ್ಕಾರ, ಆ ಹಳೇ ನಲವತ್ತೊಂದು ರೊಟ್ಟಿದೂ ಇದರಾಗ ಬರಸ್ರಿ" ಎಂದೆ.

"ಅದು ಮನಿ ಲೆಕ್ಕಾ ಸರ" ಎಂದರು ಅವರು, ತಾಟು ಎತ್ತುತ್ತ. "ಸಂಘದ ಬುಕ್ಕಿನ್ಯಾಗ ಬರೂದಿಲ್ಲ."